ಮದುಮಗಳ ಮಸಿಯಲ್ಲಿ ಮೂಡುವ ಬಿಸಿಗಾಳಿ

ಬಾಡಿಗೆ ಕುರ್ಚಿಗಳನ್ನು ನಿನ್ನೆ ಸಂಜೆ ಗಾಡಿಗೆ ತುಂಬಿಕೊಂಡು ಹೋದರು. ಕುರಾನ್ ಓದಲು ಬಂದವರು, ಅಡುಗೆಗೆ ಬಂದವರು, ಅಳಲು ಬಂದವರು, ಎಲ್ಲರೂ ಹೋದರು. ನನ್ನ ಗಂಡ ಮೆಹ್ರೆಜ್‌ನನ್ನು ಮಣ್ಣು ಮಾಡಿದ ಮೇಲೆ ಇದು ಮೊದಲ ಮಾಮೂಲಿ ಬೆಳಗು. ಟ್ಯೂನಿಸ್ ನಗರದ ಹಲ್ಫಾವೀನ್ ಬಡಾವಣೆಯ ನಮ್ಮ ಮಹಡಿಯ ಕಿಟಕಿ ತೆರೆದರೆ, ಕೆಳಗಿನ ಅಂಗಳದಲ್ಲಿ ಕೆಳಮನೆಯ ದಲೆಂದಾ ಆಗಲೇ ಕೆಂಡದ ಮುಂದೆ ಕೂತಿದ್ದಾರೆ.

ಕೆಂಡದ ಮೇಲೆ ಮಣ್ಣಿನ ಬೋಗುಣಿ. ಅದರೊಳಗೆ ಲವಂಗ, ಮಾಚಿಕಾಯಿ, ಚೂರು ಮೈಲುತುತ್ತ. ಮೇಲೆ ಇನ್ನೊಂದು ಬೋಗುಣಿ ಮಗುಚಿಟ್ಟಿದೆ. ಹೊಗೆ ಅದರ ಒಳಮೈಗೆ ಹತ್ತಿ, ಬೆವರಿ, ಕರ್ರಗೆ ಹನಿಗಟ್ಟುತ್ತದೆ. ಆ ಹನಿಯೇ ಹರ್ಕೂಸ್, ಮದುಮಕ್ಕಳ ಕೈಗೆ ಬರೆಯುವ ಪರಿಮಳದ ಮಸಿ. ಅಂಗಳ ಇನ್ನೂ ನೀಲಿಯಾಗಿದೆ. ಹೊಗೆ ಮೆಲ್ಲಗೆ ಏರಿ, ತಂತಿಯ ಮೇಲೆ ಯಾರೂ ತೆಗೆಯದೆ ಬಿಟ್ಟ ಮೆಹ್ರೆಜ್‌ನ ಅಂಗಿಯ ತೋಳಿನೊಳಗೆ ಹೊಕ್ಕು ಹೊರಬರುತ್ತದೆ.

"ಹೊಗೆ ಮೇಲಕ್ಕೆ ಬರ್ತಿದೆಯೇನೇ, ಮಗಳೇ?" ತಲೆಯೆತ್ತದೆ ಕೇಳುತ್ತಾರೆ.

"ಬರ್ತಿದೆ, ಖಾಲ್ತಿ."

"ಕಿಟಕಿ ಹಾಕ್ಕೋ ಮತ್ತೆ."

ಹಾಕಿಕೊಳ್ಳುವುದಿಲ್ಲ.

ಗಲ್ಲಿಯವರಿಗೆಲ್ಲ ಅವರು ಖಾಲ್ತಿ, ಚಿಕ್ಕಮ್ಮ. ಬೇಸಿಗೆಯಲ್ಲಿ ಒಂದೇ ಗುರುವಾರ ಎರಡು ಮೂರು ಮದುವೆಮನೆ ಸುತ್ತುತ್ತಾರೆ. ಕಡ್ಡಿಯ ತುದಿಯಲ್ಲಿ ಮಸಿ ಅದ್ದಿ, ಉಸಿರು ಹಿಡಿದು, ಬೆರಳಿನಿಂದ ಮಣಿಕಟ್ಟಿನವರೆಗೆ ಬರೆಯುತ್ತಾರೆ. ಈಗ ಅಂಗಡಿಯಲ್ಲಿ ಅಂಟಿಸುವ ಚಿತ್ತಾರ ಬಂದಿದೆ, ಅರ್ಧ ಗಿರಾಕಿಗಳು ಅತ್ತ ಹೋಗಿದ್ದಾರೆ. ಹೊಗೆ ಕುಡಿದು ಕುಡಿದು ಎದೆ ಗೊರಗುಟ್ಟುತ್ತದೆ. "ವೈದ್ಯರು ಸಿಗರೇಟು ಬಿಡಿ ಅಂದ್ರು. ನಾನು ಒಂದಿನಾನೂ ಸೇದಿಲ್ಲ. ಏನು ಬಿಡ್ಲಿ?" ಎಂದು ನಗುತ್ತಾರೆ.

ಅವರ ಇನ್ನೊಂದು ಕೆಲಸ ಮದುವೆಮನೆಯವರಿಗೆ ಗೊತ್ತಿಲ್ಲ. ಟ್ಯೂನಿಸ್‌ನಿಂದ ಅಲ್ಜೀರ್ಸ್‌ವರೆಗೆ ಕೂದಲು ಬಿಟ್ಟು, ಕತ್ತು ಕುಣಿಸುವ ಹೆವಿ ಮೆಟಲ್ ಸಂಗೀತ ತಂಡಗಳ ಆಲ್ಬಂ ಮುಖಪುಟಗಳಲ್ಲಿ ಹಲವನ್ನು ಬರೆದದ್ದು ದಲೆಂದಾ. ಯಾವುದರಲ್ಲೂ ಅವರ ಹೆಸರಿಲ್ಲ. ಸೈತಾನನ ಸಂಗೀತಕ್ಕೆ ಬರೆದ ಕೈ ಎಂದು ತಿಳಿದರೆ ಮದುಮಗಳ ಕೈ ಮುಟ್ಟಿಸುವವರು ಯಾರು? ಪತ್ರಿಕೆಯ ಪುರವಣಿಗೆ ನಾನು ಬರೆಯುತ್ತಿರುವ ಈ ಬರಹಕ್ಕೆ ಒಪ್ಪಿಗೆ ಕೇಳಿದಾಗ ಮಾತ್ರ ಭುಜ ಕುಣಿಸಿದರು. "ಬರ್ಕೋ. ಪುರವಣಿ ಓದೋರ ಮನೇಲಿ ಎಲ್ಲಾ ಅಂಟಿಸೋ ಚಿತ್ತಾರವೇ."

ಶುರುವಾದದ್ದು ಮೆಹ್ರೆಜ್‌ನಿಂದ. ಅವನ ತಂಡದ ಹೆಸರು ಶೆಹಿಲಿ, ದಕ್ಷಿಣದಿಂದ ಬೀಸುವ ಬಿಸಿಗಾಳಿ. ಮೆಟಲ್ ತಂಡದ ಹೆಸರು ಮುಖಪುಟದಲ್ಲಿ ಸುಲಭಕ್ಕೆ ಓದಿಸಿಕೊಳ್ಳಬಾರದು, ಓದಿಸಿಕೊಂಡರೆ ಹುಡುಗರಿಗೆ ಅವಮಾನ. ಅಂಗಳದಲ್ಲಿ ಒಣಗುತ್ತಿದ್ದ ದಲೆಂದಾರ ಒಂದು ಹಾಳೆ ನೋಡಿ ಅವನು ನಿಂತುಬಿಟ್ಟನಂತೆ.

"ಬಾವಲಿ ರೆಕ್ಕೆ! ಖಾಲ್ತಿ, ಇದು ನಮ್ಮದೇ!"

"ಬಾವಲಿ ನಿಮ್ಮಜ್ಜಿ. ಅದು ಮೀನಿನ ಬೆನ್ನೆಲುಬು ಕಣೋ. ಮದುಮಗಳಿಗೆ ದೃಷ್ಟಿ ತಾಗ್ಬಾರ್ದು ಅಂತ ಬರೆಯೋದು."

"ನಮಗೂ ತಾಗ್ಬಾರ್ದು, ಬರ್ಕೊಡಿ."

ದಲೆಂದಾ ತಂಡದ ಹೆಸರನ್ನು ಹಾಳೆಯ ಒಂದು ಅರ್ಧಕ್ಕೆ ಮಾತ್ರ ಬರೆದು, ಮಸಿ ಹಸಿಯಾಗಿರುವಾಗಲೇ ಮಡಚಿ, ಅಂಗೈಯಿಂದ ಒತ್ತಿ ಬಿಡಿಸುತ್ತಾರೆ. ಎರಡು ರೆಕ್ಕೆ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅಕ್ಷರಗಳು ಮುಳ್ಳಾಗಿ, ಬೇರಾಗಿ, ನಿದ್ದೆಯಲ್ಲಿ ಕಂಡ ಗಿಡದ ಹಾಗೆ ಹಬ್ಬಿರುತ್ತವೆ. ಮೊದಲ ಆಲ್ಬಮ್ಮಿಗೆ ಪ್ರೆಸ್ಸಿನ ಮುದುಕ ಫೋನು ಮಾಡಿದ್ದ: "ನಿಮ್ಮ ಹಾಳೆ ಮೇಲೆ ಯಾರೋ ಮಸಿ ಚೆಲ್ಲಿದ್ರು. ಚಿಂತೆ ಬೇಡ, ನೀಟಾಗಿ ಒರೆಸಿ ಮುದ್ರಿಸಿದೀನಿ." ತಂಡದ ಹೆಸರೇ ಅಳಿಸಿಹೋದ ಆ ಮೊದಲ ಪ್ರತಿಗಳನ್ನು ಈಗ ಹುಡುಗರು ಹುಡುಕಿಕೊಂಡು ಕೊಳ್ಳುತ್ತಾರೆ.

ಹೊಸ ಆಲ್ಬಮ್ಮಿಗೆ ಮಡಚುವುದು ಬೇಡ, ಎರಡು ಕಡೆಯೂ ಕೈಯಲ್ಲೇ ಬರೆಯಿರಿ ಎಂದು ಮೆಹ್ರೆಜ್ ಕೇಳಿದ್ದ. ದಲೆಂದಾ ಎಡಭಾಗ ಮುಗಿಸಿದ್ದರು. ಮರುದಿನ ಬೆಳಿಗ್ಗೆ ಅವನು ಏಳಲಿಲ್ಲ.

ಸೂರ್ಯ ಗೋಡೆ ಹತ್ತುವ ಹೊತ್ತಿಗೆ ತಂಡದ ಡ್ರಮ್ಮರ್ ವಜ್ದಿ ಬಿಸಿ ರೊಟ್ಟಿ ಹಿಡಿದು ಅಂಗಳಕ್ಕೆ ಬರುತ್ತಾನೆ. ಅವರ ಮಾತು ಕಿಟಕಿಗೆ ಕೇಳುತ್ತದೆ.

"ಖಾಲ್ತಿ, ಪ್ರೆಸ್ಸಿನವರಿಗೆ ಇವತ್ತೇ ಬೇಕಂತೆ. ಎಡಗಡೇದು ಫೋಟೊ ಹೊಡೆದು, ಕಂಪ್ಯೂಟರಲ್ಲಿ ತಿರುಗಿಸಿ ಬಲಕ್ಕೆ ಅಂಟಿಸ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ. ಕೈಯಲ್ಲೇ ಆಗ್ಬೇಕು ಅಂದಿದ್ದ ಅವನು. ಅದೊಂದು ಮಾತೂ ಉಳಿಸ್ಬಾರ್ದಾ?"

"ಹಾಗಾದ್ರೆ ಬರೀರಿ!"

"ಮಸಿ ಕೂಡ್ತಿಲ್ಲ ಕಣೋ. ಎಷ್ಟು ಸಲ ಸುಟ್ರೂ ಕಂದು ಬರುತ್ತೆ. ಆ ಎಡಭಾಗ ನಮ್ಮಮ್ಮ ಮಾಡಿಟ್ಟ ಹಳೇ ಮಸೀದು. ಒಂದು ಕಣ್ಣು ಕರೀದು, ಒಂದು ಕಣ್ಣು ಕಂದು ಇಟ್ಟು ಕಳಿಸ್ಲಾ ಅವನನ್ನ?"

"ಅಮ್ಮನ ಮಸಿ ಎಲ್ಲೋಯ್ತು?"

"ಮೆಲ್ಲಗೆ ಮಾತಾಡೋ. ಅದೇ ಕರಿ ಬೇಕು ಅಂತ ಪ್ರೆಸ್ಸಿಗೆ ತೋರಿಸೋಕೆ ಮೆಹ್ರೆಜ್ ಇಸ್ಕೊಂಡಿದ್ದ. ನಾಳೆ ತಂದ್ಕೊಡ್ತೀನಿ ಅಂದ."

"ಮೇಲೇ ಇರುತ್ತಲ್ಲ! ಕೇಳಿ."

"ಸಾವಾದ ಮನೇಲಿ ನಲವತ್ತು ದಿನ ಕಳೆಯೋ ಮುಂಚೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೋ? ಡ್ರಮ್ ಬಡಿದೂ ಬಡಿದೂ ನಿನ್ನ ತಲೇನೂ ಟೊಳ್ಳಾಗಿದೆ."

ಮಧ್ಯಾಹ್ನದ ಬಾಂಗಿನವರೆಗೆ ಕಾಯುತ್ತೇನೆ, ಆಮೇಲೆ ಫೋಟೊನೇ, ಎಂದು ವಜ್ದಿ ಮೆಟ್ಟಿಲ ಮೇಲೆ ಕೂರುತ್ತಾನೆ. ದಲೆಂದಾ ಮತ್ತೆ ಕೆಂಡ ಊದುತ್ತಾರೆ, ಕೆಮ್ಮುತ್ತಾರೆ.

ಮೆಹ್ರೆಜ್‌ನ ಕಪಾಟನ್ನು ನಾನು ತೆರೆದಿರಲಿಲ್ಲ. ಗಿಟಾರ್ ತಂತಿಗಳ ಡಬ್ಬಿಯ ಹಿಂದೆ, ಬಾಯಿಗೆ ಬಟ್ಟೆ ಕಟ್ಟಿದ ಪುಟ್ಟ ಹಸಿರು ಕುಡಿಕೆ ಇದೆ. ಬಾಗಿಲು ತೆರೆದ ಕೂಡಲೆ ಲವಂಗ. ನಮ್ಮ ಮದುವೆಯ ವಾರವೆಲ್ಲ ನನ್ನ ಕೈಯಲ್ಲಿ ಇದ್ದದ್ದು ಇದೇ ವಾಸನೆ. ಕುಡಿಕೆಯನ್ನು ಎತ್ತಿಕೊಂಡು ಇಳಿಯುತ್ತೇನೆ.

ವಜ್ದಿ ಎದ್ದು ದಾರಿ ಬಿಡುತ್ತಾನೆ. ದಲೆಂದಾ ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ.

"ನಾನು ಕೇಳ್ಲಿಲ್ಲ," ಎನ್ನುತ್ತಾರೆ.

"ನೀವು ಕೇಳ್ಲಿಲ್ಲ, ಖಾಲ್ತಿ. ಅವನು ಇಸ್ಕೊಂಡಿದ್ದ. ತಗೊಳ್ಳಿ."

ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾರೆ. ಬಟ್ಟೆ ಬಿಚ್ಚಿ, ಬೆಳಕಿಗೆ ವಾಲಿಸಿ ನೋಡುತ್ತಾರೆ. ಕಡ್ಡಿ ಅದ್ದಿ, ತಮ್ಮ ಉಗುರಿನ ಮೇಲೊಂದು ಗೆರೆ ಎಳೆಯುತ್ತಾರೆ. ಕಡುಕಪ್ಪು, ಅಂಚಿನಲ್ಲಿ ಚೂರು ನೀಲಿ.

"ಈ ಕರಿ ಊರಲ್ಲಿ ಇನ್ಯಾರ ಹತ್ರಾನೂ ಇಲ್ಲ ಕಣೇ," ಎಂದು ಒಳಗೆ ಹೋಗಿ ಹಾಳೆ ಹಾಸುತ್ತಾರೆ. ಬಾಗಿಲಲ್ಲೇ ನಿಂತ ನನಗೆ ಅಲ್ಲಿಂದಲೇ ಕೂಗುತ್ತಾರೆ. "ಬೆಳಕಿಗೆ ಅಡ್ಡ ನಿಲ್ಬೇಡ. ಬಾ, ಹಾಳೆ ಹಿಡ್ಕೋ. ಅಂಚಲ್ಲಿ ಹಿಡಿ. ಇದು ಮದುಮಕ್ಕಳ ಮಸಿ, ಈಗ ನಿನ್ನ ಕೈಗೆ ತಾಗ್ಬಾರ್ದು."

ನಾನು ಅಂಚು ಹಿಡಿದು ಕೂರುತ್ತೇನೆ. ಅವರು ಉಸಿರು ಬಿಗಿಹಿಡಿದು ಬಲಗಡೆಯ ಮೊದಲ ಮುಳ್ಳು ಎಳೆಯುತ್ತಾರೆ.