ಪ್ರಸ್ಥಾನದ ಚೀಲ

ಇಂಗ್ಲೆಂಡಿನ ಸೊಲಿಹಲ್ ಬಿಟ್ಟು ಆಸ್ಟ್ರೇಲಿಯಾದ ಪರ್ತ್‌ಗೆ ಹೋಗುವುದೆಂದು ನಾನೂ ಗಂಡನೂ ತೀರ್ಮಾನಿಸಿದಾಗ ಮಗಳಿಗೆ ಹದಿಮೂರು ವರ್ಷ. ತಾನು ಬರುವುದಿಲ್ಲ ಎಂದು ಅವಳು ಮೂರು ತಿಂಗಳು ಹಠ ಹಿಡಿದಿದ್ದಳು. ನಾವಿಬ್ಬರೂ ಡಾಕ್ಟರುಗಳು, ಹಠವೂ ಜ್ವರದ ಹಾಗೆ, ತಾನಾಗಿಯೇ ಇಳಿಯುತ್ತದೆ ಎಂದುಕೊಂಡಿದ್ದೆವು.

ಶಾಲೆಯಲ್ಲಿ ಆ ಟರ್ಮಿಗೆ ಅವಳ ಹಿಸ್ಟರಿ ಪ್ರಾಜೆಕ್ಟು ಅಕೇಡಿಯನ್ನರ ಮೇಲೆ. ಹದಿನೆಂಟನೆಯ ಶತಮಾನದಲ್ಲಿ ಕೆನಡಾದ ಪೂರ್ವ ಕರಾವಳಿಯಲ್ಲಿದ್ದ ಫ್ರೆಂಚ್ ಮಾತಾಡುವ ರೈತರು. ಇಂಗ್ಲಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲಿಲ್ಲವೆಂದು ಅವರನ್ನು ಹಡಗಿಗೆ ತುಂಬಿ ಓಡಿಸಿದರಂತೆ. ಕೆಲವರು ಲಿವರ್‌ಪೂಲಿನಲ್ಲಿ ವರ್ಷಗಟ್ಟಲೆ ಬಂದಿಗಳಾಗಿದ್ದು, ಆಮೇಲೆ ಫ್ರಾನ್ಸಿಗೆ ಹೋಗಿ, ಅಲ್ಲಿಯೂ ನೆಲೆಯಾಗದೆ ಮತ್ತೆ ಸಮುದ್ರ ದಾಟಿ ಅಮೆರಿಕದ ಲೂಯಿಸಿಯಾನಾ ಸೇರಿದರು. ಇದನ್ನೆಲ್ಲ ಅವಳು ಊಟದ ಹೊತ್ತಿಗೆ ಇಂಗ್ಲಿಷಿನಲ್ಲಿ, ನನ್ನನ್ನೇ ನೋಡುತ್ತ ಓದಿ ಹೇಳಿದಳು. ನಮ್ಮನ್ನು ಯಾರೂ ಓಡಿಸುತ್ತಿಲ್ಲ, ಅಪ್ಪನಿಗೆ ಅಲ್ಲಿ ಆಸ್ಪತ್ರೆಯ ಡ್ಯೂಟಿ ಸುಲಭ, ಅಷ್ಟೆ ಎಂದೆ. ನನ್ನನ್ನು ನೀವು ಓಡಿಸುತ್ತಿದ್ದೀರಿ ಎಂದಳು.

ಟಿಕೆಟ್ ಸಿಕ್ಕಿದ್ದು ಅಮಾವಾಸ್ಯೆಗೆ. ಧಾರವಾಡದಿಂದ ಅವ್ವನ ಫೋನು ಬಂತು.

“ಅಮಾಸಿ ದಿನಾ ಹೊಂಟೀರಿ, ಪ್ರಸ್ಥಾನರ ಇಡವಾ.”

ಒಳ್ಳೆಯ ದಿನ ನೋಡಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದ ಹಾಗೆ; ಹೊರಡುವ ತನಕ ಅದು ಮನೆಗೆ ವಾಪಸ್ಸು ಬರಬಾರದು. ನನಗೆ ಇದರಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಅವ್ವನ ಬಾಯಿ ಮುಚ್ಚಿಸಲು ಮೂವರದೂ ಒಂದೊಂದು ಬಟ್ಟೆ ಚೀಲಕ್ಕೆ ತುರುಕಿ, ಲೆಸ್ಟರ್‌ನ ಗೆಳತಿಯ ಮನೆಯಲ್ಲಿಟ್ಟು ಬಂದೆ. ತನ್ನ ಸ್ವೆಟರ್ ಎಲ್ಲಿ ಎಂದು ಮಗಳು ಕೇಳಿದಾಗ ನಿಯಮವನ್ನೆಲ್ಲ ಬಿಡಿಸಿ ಹೇಳಿದೆ.

ಶನಿವಾರ ಅವಳು ಒಬ್ಬಳೇ ಎರಡು ರೈಲು ಹತ್ತಿ ಲೆಸ್ಟರ್‌ಗೆ ಹೋಗಿ, ಅಮ್ಮ ಕಳಿಸಿದ್ದಾಳೆಂದು ಗೆಳತಿಗೆ ಸುಳ್ಳು ಹೇಳಿ, ಚೀಲ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವತ್ತು ಕನ್ನಡದಲ್ಲಿ ಕೇಳಿದಳು.

“ಬ್ಯಾಗ್ ಮನೆಗೆ ಬಂತು. ಇನ್ನು ನಾವು ಹೋಗೋ ಹಾಗಿಲ್ಲ, ಅಲ್ವಾ ಅಮ್ಮ?”

ಗಂಡ ನಕ್ಕುಬಿಟ್ಟ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಆ ಮನೆಯಲ್ಲಿ ಪ್ರಸ್ಥಾನವನ್ನು ನಿಜವಾಗಿ ನಂಬಿದ್ದವಳು ಅವಳೊಬ್ಬಳೇ. ಅವ್ವನಿಗೆ ಫೋನು ಮಾಡಲಿಲ್ಲ, ಚೀಲವನ್ನು ಮತ್ತೆ ಎಲ್ಲಿಯೂ ಇಡಲಿಲ್ಲ. ಅಮಾವಾಸ್ಯೆಯ ದಿನ ಮೂವರೂ ವಿಮಾನ ಹತ್ತಿದೆವು.