ಹಿಂದಿನ ಸ್ಪ್ರಿಂಗು, ಮುಂದಿನ ಸೀಟು

ನಮ್ಮ ಕಾರು ಹೊಸದಿದ್ದಾಗ ರಸ್ತೆಯ ಮೇಲೆ ತೇಲಿಕೊಂಡು ಹೋಗುತ್ತಿತ್ತು ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ನನ್ನ ಹೆಂಡತಿಗೆ ಹಾಗೇನೂ ನೆನಪಿಲ್ಲ. ಅವಳ ಪ್ರಕಾರ ಅದು ಮೊದಲ ದಿನದಿಂದಲೂ ಹೀಗೇ ಕುಣಿಯುತ್ತಿತ್ತು. ಆಗ ನಮ್ಮ ಸೊಂಟ ಗಟ್ಟಿಯಿತ್ತು, ಅಷ್ಟೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಪುರಾವೆಯಿಲ್ಲದ ನೆನಪನ್ನು ನಂಬಬಾರದು. ಆದರೂ ನಾನು ಮುಂದೆ ಮಾಡಿದ್ದೆಲ್ಲ ಆ ನೆನಪಿನ ಸವಾರಿಯನ್ನು ಮರಳಿ ತರಲೆಂದೇ. ಎಂದೂ ಇದ್ದಿರದ ವಸ್ತುವನ್ನು ರಿಪೇರಿ ಮಾಡಲು ಹೊರಟವನು ನಮ್ಮ ಕಾಲೇಜಿನಲ್ಲಿ ನಾನೊಬ್ಬನೇ ಅಲ್ಲ ಎಂಬುದೊಂದು ಸಮಾಧಾನ.

ನಾವು ಬಾಗಲಕೋಟೆಯಿಂದ ಇಳಕಲ್ಲಿಗೆ ದಿನವೂ ಹೋಗಿ ಬರುವವರು. ನಾನು ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಆ ವರ್ಷ ಅವಳ ಬೆನ್ನಿನ ಕೆಳಗಿನ ಡಿಸ್ಕು ಸರಿದಿದೆ ಎಂದು ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. "ಕುಲುಕಾಟ ನಿಲ್ಲಬೇಕ್ರಿ. ಅದು ನಿಲ್ಲೂದಿಲ್ಲ ಅಂದ್ರ ನೌಕರಿಗೆ ಓಡ್ಯಾಡೂದು ನಿಲ್ಲಬೇಕು," ಎಂದರು. ಬಸ್ಸಿನಲ್ಲಿ ಹೋಗಿ ನೋಡಿದ್ದಳು. ಅದರ ಹಿಂದಿನ ಸೀಟಿಗಿಂತ ಟ್ರ್ಯಾಕ್ಟರು ಸುಖ ಎಂದಳು. ಎದುರಿಗೆ ಹತ್ತನೆಯ ತರಗತಿಯ ಪರೀಕ್ಷೆ. ಆ ಮಕ್ಕಳನ್ನು ಎಂಟನೆಯ ತರಗತಿಯಿಂದ ಅವಳೇ ತಿದ್ದಿಕೊಂಡು ಬಂದಿದ್ದಳು. ನಡುವೆ ಬಿಟ್ಟರೆ ಗಣಿತ ಹೇಳಲು ಡ್ರಿಲ್ ಮಾಸ್ತರು ಬರುತ್ತಾರೆ ಎಂಬುದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಡ್ರಿಲ್ ಮಾಸ್ತರಿಗೂ ಗೊತ್ತಿತ್ತು, ಪಾಪ, ಅವರು ಆಗಲೇ ಹೆದರಿದ್ದರು.

ಹೀಗಾಗಿ ಅವಳ ತರಗತಿ ಉಳಿಯುವುದು ನಮ್ಮ ಕಾರಿನ ಹಿಂದಿನ ಎರಡು ಸ್ಪ್ರಿಂಗುಗಳ ಮೇಲೆ ನಿಂತಿತು. ಅವು ಆಗಲೇ ಕುಸಿದು ಕೂತಿದ್ದವು. ಬದಲಿಸಲೇಬೇಕು, ಆದರೆ ಎಷ್ಟು ಬಿಗಿಯವು ಹಾಕಬೇಕು?

ನಾನು ಓದಲು ಕೂತೆ. ಇಂಟರ್‌ನೆಟ್ಟಿನಲ್ಲಿ ಸ್ಪ್ರಿಂಗಿನ ಬಗ್ಗೆ ಬರೆಯುವವರೆಲ್ಲ ಕಾರನ್ನು ನೆಲಕ್ಕೆ ತಾಗಿಸಿಕೊಂಡು ತಿರುವಿನಲ್ಲಿ ಹಾರಿಸಬೇಕೆನ್ನುವ ಹುಡುಗರು. ನಮ್ಮ ದಾರಿಯಲ್ಲಿರುವ ಕಮತಗಿ ಊರಿನ ಎತ್ತರದ ರಸ್ತೆ ಹಂಪನ್ನು ದಾಟಿಸುವುದು ಹೇಗೆಂದು ಅವರಲ್ಲಿ ಯಾರೂ ಬರೆದಿರಲಿಲ್ಲ. ತತ್ವ ಮಾತ್ರ ಸರಳ. ಸ್ಪ್ರಿಂಗು ಇಷ್ಟು ಕುಗ್ಗಲು ಎಷ್ಟು ಭಾರ ಬೇಕು ಎಂಬುದೇ ಅದರ ಬಿಗಿ. ದೊಡ್ಡ ಗಾಡಿಗೆ ಇಬ್ಬರು ಹೆಚ್ಚು ಹತ್ತಿದರೆ ಗೊತ್ತೇ ಆಗುವುದಿಲ್ಲ. ನಮ್ಮಂಥ ಹಗುರ ಗಾಡಿಗೆ ಹಾಗಲ್ಲ. ಎಂಜಿನ್ನು ಮುಂದಿರುವುದರಿಂದ ಖಾಲಿ ಇದ್ದಾಗ ಹಿಂಭಾಗದಲ್ಲಿ ಭಾರವೇ ಇರುವುದಿಲ್ಲ. ಹಿಂದೆ ಇಬ್ಬರು ಕೂತರೆ ಅದು ಬೇರೆಯೇ ಗಾಡಿ. ತುಂಬಿದ ಗಾಡಿಗೆ ಸರಿಹೋಗುವ ಸ್ಪ್ರಿಂಗು ಖಾಲಿ ಗಾಡಿಯಲ್ಲಿ ಒದೆಯುತ್ತದೆ, ಖಾಲಿಗೆ ಸರಿಹೋಗುವುದು ತುಂಬಿದಾಗ ಕೂತುಬಿಡುತ್ತದೆ. ಇದನ್ನು ನಾನೇ ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಅಂಕ ಹಾಕುತ್ತೇನೆ.

ನಮ್ಮ ಗಾಡಿ ತುಂಬಿದ ಗಾಡಿ. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿಯ ಶಾಲೆಯ ಹೆಡ್‌ಮಾಸ್ತರರು, ಹಿಂದೆ ಹುನಗುಂದದಲ್ಲಿ ಇಳಿಯುವ ಬ್ಯಾಂಕಿನವರೊಬ್ಬರು ಮತ್ತು ನನ್ನ ಹೆಂಡತಿ. ಈ ವ್ಯವಸ್ಥೆಯನ್ನು ಯಾರೂ ಮಾಡಿದ್ದಲ್ಲ. ನಮ್ಮ ಕಡೆ ಹಿರಿಯರು ಕಾರಿನ ಹತ್ತಿರ ಬಂದರೆ ಮುಂದಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಹೆಣ್ಣುಮಕ್ಕಳು ತಾವಾಗಿ ಹಿಂದೆ ಸರಿಯುತ್ತಾರೆ. ಹೆಡ್‌ಮಾಸ್ತರರು ಒಳ್ಳೆಯವರು, ಹಣೆಯ ತುಂಬ ವಿಭೂತಿ ಧರಿಸಿದ ಶರಣಜೀವಿ. ಅನುಭವ ಮಂಟಪದಲ್ಲಿ ಗಂಡು ಹೆಣ್ಣು ಎನ್ನದೆ, ಮೇಲು ಕೀಳು ಎನ್ನದೆ ಎಲ್ಲರೂ ಸರಿಸಮನಾಗಿ ಕೂರುತ್ತಿದ್ದರೆಂದು ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಬಹಳ ಚೆನ್ನಾಗಿ ಹೇಳುತ್ತಿದ್ದರು. ಮುಂದಿನ ಸೀಟಿನಿಂದ ಹೇಳುತ್ತಿದ್ದರು. ಹಿಂದೆ ಅದು ಸರಿಯಾಗಿ ಕೇಳಿಸುತ್ತಿತ್ತೋ ಇಲ್ಲವೋ.

ಅಂದಾಜಿನ ಮೇಲೆ ಸ್ಪ್ರಿಂಗು ಕೊಳ್ಳುವವನು ನಾನಲ್ಲ. ಒಂದು ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡೇ ಇಳಕಲ್ಲಿನ ಹೊರಗೆ ಗ್ರಾನೈಟ್ ಲಾರಿಗಳನ್ನು ತೂಗುವ ಕಾಟಾಕ್ಕೆ ಕಾರನ್ನು ಒಯ್ದೆ. ಬ್ಯಾಂಕಿನವರು ಅವತ್ತು ಹುನಗುಂದದಲ್ಲಿ ಇಳಿಯದೆ ವಿಜ್ಞಾನಕ್ಕಾಗಿ ಇಳಕಲ್ಲಿನವರೆಗೆ ಬಂದಿದ್ದರು. ಅಥವಾ ಅವರಿಗೆ ಅಲ್ಲೇನೋ ಕೆಲಸವಿತ್ತು. ಕಾಟಾದ ಮನುಷ್ಯ ಹೊರಗೆ ಬಂದು ನೋಡಿದ.

"ಏನ್ ತೂಗೂದ್ರಿ, ಸರ?"

"ಹಿಂದಿನ ಗಾಲಿ ಎರಡ ಮ್ಯಾಲ ಹತ್ತಸ್ತೇನಿ. ಅದರ ಭಾರ ಹೇಳ್ರಿ."

"ಇದು ಕಲ್ಲು ತೂಗೂ ಕಾಟಾರಿ. ನಿಮ್ಮ ಗಾಡಿ ಹತ್ತಿದ್ದು ಅದಕ್ಕ ಗೊತ್ತಾದ್ರ ಪುಣ್ಯ."

"ಹೆಡ್‌ಸರ್ ಅದಾರ ಒಳಗ, ಗೊತ್ತಾಗ್ತೈತಿ ತಗೋರಿ," ಎಂದರು ಬ್ಯಾಂಕಿನವರು. ಹೆಡ್‌ಮಾಸ್ತರರು ಎಲ್ಲರಿಗಿಂತ ಜೋರಾಗಿ ನಕ್ಕರು.

ತೂಕ ಸಿಕ್ಕಿತು. ಆ ಸಂಖ್ಯೆ ಈಗ ನೆನಪಿಲ್ಲ. ಅದನ್ನು ಕಂಡು ನನಗಾದ ಹೆಮ್ಮೆ ಮಾತ್ರ ಚೆನ್ನಾಗಿ ನೆನಪಿದೆ, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಭಾನುವಾರ ಬಾದಾಮಿಗೆ ಹೋದೆ. ಅದು ಹೆಂಡತಿಯ ತವರು, ಅಲ್ಲಿ ಅವಳ ಮನೆಯವರು ನಂಬುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಡಿಕ್ಕಿಯ ಮೇಲೆ ಎರಡೂ ಕೈಯೂರಿ ಕಾರನ್ನು ಒಮ್ಮೆ ಅದುಮಿ ಬಿಟ್ಟರು. ಅದು ಮೇಲೆದ್ದು ಇಳಿದು ಮತ್ತೆ ಎದ್ದಿತು. ಇಷ್ಟೇ ಅವರ ಪರೀಕ್ಷೆ.

"ಶಾಕಪ್ಸ್ ಚಲೋ ಅದಾವ. ಸ್ಪ್ರಿಂಗ್ ಅಷ್ಟ ಹೋಗ್ಯಾವ. ಸಿಎನ್‌ಜಿ ಗಾಡಿದು ಹಾಕ್ತೇನಿ, ಜೀವಮಾನ ನೋಡೂದು ಬ್ಯಾಡ."

ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಹೊರುವ ಇದೇ ಕಾರಿನ ಮಾದರಿಗೆ ಕಂಪನಿಯೇ ಹೆಚ್ಚು ಬಿಗಿಯಾದ ಸ್ಪ್ರಿಂಗು ಹಾಕುತ್ತದೆ. ನಾನು ಕಾಟಾದ ತೂಕ ತೋರಿಸಿ, ಮನೆಯಲ್ಲಿ ಮಾಡಿ ತಂದ ಲೆಕ್ಕವನ್ನು ವಿವರಿಸಿದೆ. ಲೆಕ್ಕವೂ ಅದನ್ನೇ ಹೇಳುತ್ತಿತ್ತು.

"ಅದ ನಾ ಹೇಳಿದ್ನೆಲ್ರಿ," ಎಂದರು ಮೆಕ್ಯಾನಿಕ್. ನಾವಿಬ್ಬರೂ ಬೇರೆ ಬೇರೆ ದಾರಿಯಿಂದ ಒಂದೇ ತಪ್ಪಿಗೆ ಬಂದು ಸೇರಿದ್ದೆವು. ವಿಜ್ಞಾನದಲ್ಲಿ ಇದಕ್ಕೆ ಸ್ವತಂತ್ರ ದೃಢೀಕರಣ ಎನ್ನುತ್ತಾರೆ.

ಸೋಮವಾರ ಕಮತಗಿಯ ಹಂಪು ದಾಟಿದ್ದೇ ಗೊತ್ತಾಗಲಿಲ್ಲ. ಹೆಡ್‌ಮಾಸ್ತರರು ಪಕ್ಕದಿಂದ ನನ್ನ ಕಡೆ ತಿರುಗಿದರು.

"ಏನ್ರಿ ಇದು, ರೈಲಿನ್ಯಾಗ ಕುಂತಂಗ ಆಗೇತಿ!"

"ನಿಮಗ ಹೆಂಗನಸ್ತು?" ಎಂದು ನಾನು ಹಿಂದಕ್ಕೆ ಕೇಳಿದೆ. ಕೇಳಿದೆ ಎಂದೇ ನನ್ನ ನೆನಪು. ಬ್ಯಾಂಕಿನವರು "ಬೆಷ್ಟ್" ಎಂದರು, ಹೆಂಡತಿ "ಹ್ಞೂಂ" ಎಂದಳು. ಈ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ ಎಂಬುದು ಅವಳ ವಾದ. ಕೇಳಿದ್ದರೆ ಹೇಳುತ್ತಿದ್ದಳಂತೆ. ಹೆಡ್‌ಮಾಸ್ತರರ ಎದುರು ಹೇಳುತ್ತಿದ್ದಳೇ ಎಂದರೆ ಉತ್ತರಪತ್ರಿಕೆ ತಿದ್ದಲು ಕೂರುತ್ತಾಳೆ.

ಹುನಗುಂದದಲ್ಲಿ ಬ್ಯಾಂಕಿನವರು ಇಳಿಯುತ್ತಾರೆ. ಅಲ್ಲಿಂದ ಇಳಕಲ್ಲಿನವರೆಗೆ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಒಬ್ಬಳೇ, ಸಿಲಿಂಡರ್ ಹೊರಲು ಹುಟ್ಟಿದ ಎರಡು ಸ್ಪ್ರಿಂಗುಗಳ ಮೇಲೆ. ಮುಂದೆ ಕೂತವರು ಗಾಲಿಗಳ ನಡುವೆ ಇರುತ್ತಾರೆ, ತೊಟ್ಟಿಲಿನ ನಡುವೆ ಇದ್ದಹಾಗೆ. ಹಿಂದೆ ಕೂತವರು ಗಾಲಿಯ ಹತ್ತಿರವೇ ಇರುತ್ತಾರೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಕಾಟಾದ ತೂಕದಲ್ಲಿ ಕಾಣುವ ವಿಷಯವೂ ಅಲ್ಲ. ಅವಳು ಮನೆಯಿಂದ ಒಂದು ಕೌದಿ ತಂದು ಮಡಿಸಿ ಕೆಳಗೆ ಹಾಸಿಕೊಳ್ಳತೊಡಗಿದಳು. ಚಳಿಗಿರಬೇಕು ಎಂದುಕೊಂಡೆ. ಬಾಗಲಕೋಟೆಯ ಚಳಿ!

ಒಂದು ಬೆಳಿಗ್ಗೆ ಹುನಗುಂದದಲ್ಲಿ ಬ್ಯಾಂಕಿನವರು ಇಳಿಯಲೆಂದು ಕಾರು ನಿಂತಾಗ, ಅವಳು ಹಿಂದಿನಿಂದ ಮಾತಾಡಿದಳು.

"ಸರ, ನಾ ರಜಾ ಹಾಕಾಕತ್ತೇನ್ರಿ. ಪರೀಕ್ಷೆ ಮುಗಿಯೂತನಕ."

ಹೆಡ್‌ಮಾಸ್ತರರು ಪೂರ್ತಿ ತಿರುಗಿದರು. "ಈಗ? ಏನ್ ಹೇಳ್ತಿಯವ್ವಾ ತಂಗಿ? ಹತ್ತನೇತ್ತಕ್ಕ ಯಾರು ಕಲಸೂದು?"

"ಆಗವಲ್ದರಿ. ನಿನ್ನೆ ಸಾಲ್ಯಾಗ ಬೋರ್ಡಿನ ಮುಂದ ನಿಂದ್ರಾಕ ಆಗಲಿಲ್ಲ."

"ಗಾಡಿ ಈಗ ಎಷ್ಟು ಆರಾಮ ಐತಿ!"

ಬ್ಯಾಂಕಿನವರು ಒಂದು ಕಾಲು ಹೊರಗಿಟ್ಟು ಇಳಿಯದೆ ಉಳಿದಿದ್ದರು. "ಒಮ್ಮಿ ಹಿಂದ ಕುಂತು ನೋಡ್ರಿ, ಸರ," ಎಂದಳು.

ನಾನು ಸ್ಟೇರಿಂಗ್ ನೋಡುತ್ತಿದ್ದೆ. ಹೆಡ್‌ಮಾಸ್ತರರು ಬೈಯಬಹುದಿತ್ತು, ನಗಬಹುದಿತ್ತು. ಅವರು ಬಾಗಿಲು ತೆರೆದು ಇಳಿದರು, ಹಿಂದೆ ಹೋಗಿ ಕೂತರು. ಬ್ಯಾಂಕಿನವರು ಇಳಿದುಹೋದರು, ನನ್ನ ಹೆಂಡತಿ ಮುಂದೆ ಬಂದಳು. ಕೌದಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದಳಂತೆ; ಅವರು ಅದನ್ನು ಮರ್ಯಾದೆಗಾಗಿ ಪಕ್ಕಕ್ಕೆ ಸರಿಸಿ ಕೂತರಂತೆ. ಆ ಮರ್ಯಾದೆ ಮೊದಲ ತಗ್ಗಿನವರೆಗೆ ಉಳಿಯಿತು. ಎರಡನೆಯ ತಗ್ಗಿಗೆ ಅವರ ತಲೆ ಮೇಲಿನ ತಗಡಿಗೆ ಬಡಿಯಿತು.

"ಅಯ್ಯಯ್ಯೋ! ಗಾಡಿ ನಿಂದರಸ್ರಿ!"

ನಿಲ್ಲಿಸಿದೆ. ಅವರು ತಲೆ ಸವರಿಕೊಂಡರು, ವಿಭೂತಿ ಕೈಗೆ ಬಂತು.

"ಈ ಸ್ಪ್ರಿಂಗ್ ಆರಿಸಿದ್ದು ಯಾರ್ರಿ?"

"ರೈಲಿನಂಗ ಐತಿ ಅಂದ್ರೆಲ್ರಿ ನೀವು," ಎಂದೆ.

"ನಾನ? ನಾ ಎಂದ ಅಂದೆ?"

ಅವರ ಮುಖದಲ್ಲಿ ಸುಳ್ಳಿರಲಿಲ್ಲ. ನಿಜವಾಗಿಯೂ ಮರೆತಿದ್ದರು. ನಾನು ಹೆಂಡತಿಯನ್ನು ಸಾಕ್ಷಿಗೆ ಕರೆಯುವಂತೆ ನೋಡಿದೆ. ಅವಳು ಮುಂದಿನ ಗಾಜಿನಿಂದ ರಸ್ತೆ ನೋಡುತ್ತಿದ್ದಳು, ಬಹಳ ದಿನಗಳ ನಂತರ ಬೆನ್ನನ್ನು ಸೀಟಿಗೆ ಪೂರ್ತಿ ಒರಗಿಸಿಕೊಂಡು.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರು ನಾವು ನಿಲ್ಲಿಸುವ ಮೂಲೆಯಲ್ಲಿ ಎಂದಿನಂತೆ ನಿಂತಿದ್ದರು. ಅವಳು ಮುಂದೆಯೇ ಕೂತಿದ್ದಳು, ಇಳಿಯಲಿಲ್ಲ. ಅವರ ಕೈ ರೂಢಿಯಿಂದ ಮುಂದಿನ ಬಾಗಿಲಿಗೆ ಬಂದು, ಗಾಜಿನಾಚೆ ಅವಳನ್ನು ಕಂಡು, ಹಿಂದಿನ ಬಾಗಿಲಿಗೆ ಹೋಯಿತು. ಆ ವಾರ ಸಮಾನತೆಯ ಬಗ್ಗೆ ಅವರು ಏನೂ ಹೇಳಲಿಲ್ಲ.

ಮುಂದಿನ ಭಾನುವಾರ ಬಾದಾಮಿಯಲ್ಲಿ ಮೆಕ್ಯಾನಿಕ್ ನನ್ನನ್ನು ನೋಡಿ ನಕ್ಕರು. ಕಂಪನಿಯ ಮೂಲ ಸ್ಪ್ರಿಂಗನ್ನೇ ಹೊಸದಾಗಿ ಹಾಕಿ ಎಂದೆ.

"ಭಾರ ಬಿದ್ರ ಹಿಂದ ಕುಂದರ್ತೈತಿ ನೋಡ್ರಿ. ಆಮ್ಯಾಲ ನನಗ ಬೈಬ್ಯಾಡ್ರಿ."

"ಯಾರಿಗೂ ಬೈಯಂಗಿಲ್ಲ."

ಕೂತಿತು. ಹೆಡ್‌ಮಾಸ್ತರರು ಮತ್ತು ಬ್ಯಾಂಕಿನವರು ಹಿಂದೆ ಜೊತೆಯಾದರೆ ನಮ್ಮ ಕಾರು ಆಕಾಶ ನೋಡುತ್ತಾ ಹೋಗುತ್ತದೆ. ಕಮತಗಿಯ ಹಂಪಿಗೆ ಅದರ ಹೊಟ್ಟೆ ತಾಗಿ ಕೆರೆಯುತ್ತದೆ. ಬೇರೆ ದಾರಿಯಿಲ್ಲದೆ ಹಂಪಿನ ಹತ್ತಿರ ಇಬ್ಬರೂ ಇಳಿಯುತ್ತಾರೆ, ನಡೆದು ದಾಟುತ್ತಾರೆ, ಆಚೆ ಹತ್ತುತ್ತಾರೆ. ಮೊದಮೊದಲು ಚಹಾದಂಗಡಿಯವರು ನೋಡಿ ನಗುತ್ತಿದ್ದರು. "ಯಾಕ್ರಿ ಸರ, ಗಾಡಿ ಹೆಣ್ಮಕ್ಕಳಿಗಷ್ಟ ಅಂತೇನು?" ಎಂದು ಒಬ್ಬ ಕೇಳಿದ. "ಹೌದಪಾ, ನಾವು ಸಾಮಾನು," ಎಂದರು ಹೆಡ್‌ಮಾಸ್ತರರು.

ಅವಳು ರಜೆ ಹಾಕಲಿಲ್ಲ. ಪರೀಕ್ಷೆಯವರೆಗೆ ಕಲಿಸಿದಳು, ಕೊನೆಯ ವಾರ ಸಂಜೆಯ ತರಗತಿಯನ್ನೂ ತೆಗೆದುಕೊಂಡಳು. ನೋವು ಪೂರ್ತಿ ಹೋಗಿಲ್ಲ, ಆದರೆ ಬೋರ್ಡಿನ ಮುಂದೆ ನಿಲ್ಲುತ್ತಾಳೆ. ಡ್ರಿಲ್ ಮಾಸ್ತರು ಮೈದಾನದಲ್ಲಿ ಸುಖವಾಗಿದ್ದಾರೆ.

ನನಗೆ ಮಾತ್ರ ನೆಮ್ಮದಿಯಿಲ್ಲ. ಅವಳಿಗೆ ಗುಣ ತಂದದ್ದು ಸ್ಪ್ರಿಂಗೋ, ಸೀಟೋ? ನಾವು ಎರಡನ್ನೂ ಬದಲಿಸಿಬಿಟ್ಟೆವು; ನನ್ನ ವಿದ್ಯಾರ್ಥಿ ಯಾರಾದರೂ ಪ್ರಯೋಗವನ್ನು ಹೀಗೆ ಮಾಡಿದರೆ ನಾನು ಸೊನ್ನೆ ಕೊಡುತ್ತೇನೆ. ಸಿಎನ್‌ಜಿ ಸ್ಪ್ರಿಂಗುಗಳು ಇನ್ನೂ ಮನೆಯಲ್ಲಿ ಬಿದ್ದಿವೆ. ಮೊನ್ನೆ ಊಟಕ್ಕೆ ಕೂತಾಗ, ಅವನ್ನು ಮತ್ತೊಮ್ಮೆ ಹಾಕಿ, ನೀನು ಮುಂದೆಯೇ ಕೂತು ಒಂದು ವಾರ ಹೋಗಿಬಂದರೆ ಸತ್ಯ ತಿಳಿಯುತ್ತದೆ ಎಂದೆ.

ಅವಳು ನನ್ನ ತಾಟಿಗೆ ರೊಟ್ಟಿ ಹಾಕಿದಳು. "ನಿಮ್ಮ ಪ್ರಯೋಗಕ್ಕ ನನ್ನ ಸೊಂಟ ಸಿಗಂಗಿಲ್ರಿ. ಬೇಕಂದ್ರ ನೀವ ಹಿಂದ ಕುಂದರ್ರಿ, ನಾ ಗಾಡಿ ಹೊಡಿತೇನಿ," ಎಂದಳು.