ಬಿಸಿಲಿಗೆ ಪಳಗಿದ ಪಾದ

ಭಾವಮೈದುನನ ಚಪ್ಪಲಿ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆದು, ಈ ಜನ್ಮದಲ್ಲಿ ಚಪ್ಪಲಿ ಮೆಟ್ಟುವುದಿಲ್ಲವೆಂದು ಕುಂಬಾರ ಶಪಥ ಮಾಡಿ ಬಂದನೆಂಬುದು ಬೀದಿಯಲ್ಲಿದ್ದ ವದಂತಿ. ಬರಿಗಾಲಪ್ಪನೆಂಬ ಅಡ್ಡಹೆಸರೂ ಅದರ ಬೆನ್ನಿಗೇ ಬಂತು. ಅದನ್ನು ಕೇಳಿದಾಗಲೆಲ್ಲ ಅವನ ಹೆಂಡತಿಗೆ ನಗು. ಶಪಥ ಮಾಡುವಷ್ಟು ಸಿಟ್ಟು ಆ ಮನುಷ್ಯನಲ್ಲಿದ್ದಿದ್ದರೆ, ಗಿರಾಕಿಗಳು ಮಡಕೆಯನ್ನು ಬಡಿಬಡಿದು ಚೌಕಾಸಿಗಿಳಿದಾಗಲಾದರೂ ಹೊರಬೀಳಬೇಕಿತ್ತು. ಅವಳ ತಮ್ಮ ಪ್ರೀತಿಯಿಂದಲೇ ಕೊಟ್ಟ ಚಪ್ಪಲಿಗಳು ಅಟ್ಟದಲ್ಲಿ ಧೂಳು ಹಿಡಿಯುತ್ತಿದ್ದವು, ಅಷ್ಟೇ.

ನಿಜವೆಂದರೆ ಅವನಿಗೆ ಬರಿಗಾಲಿನ ರುಚಿ ಹತ್ತಿತ್ತು. ಮಣ್ಣು ತುಳಿಯುವಾಗ ಅಂಗಾಲಿಗೆ ಹರಳು ತಗುಲಬೇಕು, ತಗುಲಿದ್ದನ್ನು ಬಾಗಿ ಹೆಕ್ಕಿ ಎಸೆಯಬೇಕು. ಒಂದು ಉಳಿದರೂ, ಸುಡಲಿಟ್ಟಾಗ ಆವಿಗೆಯ ಉರಿಯಲ್ಲಿ ಮಡಕೆ ಸಿಡಿಯುತ್ತದೆ. "ಚಪ್ಪಲಿ ಹಾಕ್ಕೊಂಡ್ರೆ ಕಾಲು ಕುರುಡಾಗುತ್ತೆ ಕಣೇ," ಎನ್ನುತ್ತಿದ್ದ. ಬೆಳಗಿನ ಒದ್ದೆ ಹುಲ್ಲು, ಸಂಜೆಯಾದರೂ ಬಿಸುಪು ಬಿಡದ ಮೆಟ್ಟಿಲುಗಲ್ಲು, ಇವುಗಳ ಮೇಲೆ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದ. ಅದಕ್ಕೆ ತಕ್ಕ ದಂಡವನ್ನೂ ತೆರುತ್ತಿದ್ದ: ಮುಳ್ಳು, ಬಿರಿದ ಹಿಮ್ಮಡಿ, ಬೇಸಿಗೆಯಲ್ಲಿ ಕಾದ ಡಾಂಬರು. ಅವನು ಕುಣಿಕುಣಿದು ರಸ್ತೆ ದಾಟುವುದನ್ನು ನೋಡಲು ಎದುರುಮನೆಯ ಮಕ್ಕಳು ಕಾದು ನಿಲ್ಲುತ್ತಿದ್ದರು.

ಈ ಬೇಸಿಗೆಯಲ್ಲಿ ಅವನು ಕುಣಿಯಲಿಲ್ಲ. ನೆತ್ತಿ ಸುಡುವ ಹೊತ್ತಿನಲ್ಲಿ ನಡುರಸ್ತೆಯಲ್ಲೇ ನಿಂತು ಗಾಡಿಯವನೊಡನೆ ಹರಟಿದ. ಅಂತೂ ಕಾಲು ಬಿಸಿಲಿಗೆ ಪಳಗಿತೆಂದು ಬೀಗಿದ. ಅವಳೂ ಪಕ್ಕದ ಮನೆಯವಳ ಮುಂದೆ ಕೊಚ್ಚಿಕೊಂಡಳು.

ಆಮೇಲೆ ಮಡಕೆಗಳು ಸಿಡಿಯತೊಡಗಿದವು. ಆವಿಗೆಗೆ ಬೆಂಕಿಯಿಡುವವಳು ಅವಳಾದ್ದರಿಂದ ತಪ್ಪೂ ಅವಳದೇ ಆಯಿತು. ಸೌದೆ ಹಸಿಯೆಂದ, ಉರಿಗೆ ಅವಸರ ಮಾಡಿದೆಯೆಂದ. ಅವಳು ಉರಿ ತಗ್ಗಿಸಿದಳು, ಮತ್ತೂ ಸಿಡಿದವು. ಒಂದು ಸಂಜೆ ಒಡೆದ ಚೂರುಗಳನ್ನು ಗುಡಿಸುವಾಗ ಅವುಗಳ ಅಂಚಿನಲ್ಲಿ ಹರಳುಗಳು ಕಂಡವು. ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು ಜಗಳಕ್ಕೆಂದೇ ಒಳಗೆ ಬಂದಳು. ಕುಂಬಾರ ಕಾಲು ಚಾಚಿ ಕೂತಿದ್ದ. ಅವನ ಅಂಗಾಲಿನಲ್ಲೂ ಒಂದು ಚೂರು ನಾಟಿತ್ತು, ಸುತ್ತ ಕೀವುಗಟ್ಟಿತ್ತು.

"ರೀ, ಇದು ಯಾವಾಗ ಚುಚ್ಚಿದ್ದು?"

"ಯಾವುದು ಕಣೇ?"

ಅವಳು ಕೈಯಲ್ಲಿದ್ದ ಚೂರನ್ನು ಕೆಳಗಿಟ್ಟಳು. "ಕಾಲು ಪಳಗಿದ್ದಲ್ಲ ರೀ," ಎಂದಳು, "ಸತ್ತಿದೆ."

ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದಿದೆ ಎಂದರು ಡಾಕ್ಟರು. ಹೋದ ಸ್ಪರ್ಶ ಮರಳುವ ಭರವಸೆಯಿಲ್ಲ. ಗಾಯ ಮಾಯದಿದ್ದರೆ ಬೆರಳುಗಳನ್ನು ತೆಗೆಯಬೇಕಾದೀತು. ಬರಿಗಾಲು ಮನೆಯೊಳಗೂ ಕೂಡದು. ಅಟ್ಟದ ಚಪ್ಪಲಿಗಳ ತೊಗಲು ಒಣಗಿ ಕಟ್ಟಿಗೆಯಾಗಿತ್ತು. ಭಾವಮೈದುನನೇ ಬಂದು ಪಾದದ ಅಳತೆ ತೆಗೆದುಕೊಂಡು, ಮೆತ್ತನೆಯ ಹೊಸ ಜೊತೆ ಹೊಲಿಸಿ ತಂದ. ಇಬ್ಬರಿಗೂ ರಾಜಿಯಾಯಿತೆಂದು ಈಗ ಬೀದಿ ಮಾತಾಡಿಕೊಳ್ಳುತ್ತಿದೆ.

ಮಣ್ಣು ತುಳಿಯುವವಳು ಈಗ ಅವಳು. ಕುಂಬಾರ ಚಪ್ಪಲಿ ಮೆಟ್ಟಿ ಜಗಲಿಯಲ್ಲಿ ಕೂತಿರುತ್ತಾನೆ; ಅವಳು ಬಾಗಿದಾಗಲೆಲ್ಲ, "ಸಿಕ್ತಾ?" ಎಂದು ಕೇಳುತ್ತಾನೆ. ಮಡಕೆಗಳು ಸಿಡಿಯುವುದು ನಿಂತಿದೆ. ಗಾಯ ಇನ್ನೂ ಮಾಯ್ದಿಲ್ಲ.